ಹೊಳೆದಂಡೆಯ ಊರುಗಳಿಗೆ ನಿಧಾನವಾಗಿ

ಗೌರಿಬಿದನೂರಿಗೋ ಶಿಡ್ಲಘಟ್ಟಕ್ಕೋ ಸುಮ್ಮನೆ ಒಂದು ದಿನ ಹೋಗಿ ಬನ್ನಿ ಎಂದು ಬೆಂಗಳೂರಿನವರಿಗೆ ಹೇಳಿದರೆ ಬರುವ ಮರುಮಾತು ಬಹುಮಟ್ಟಿಗೆ ಒಂದೇ: ‘ಅಲ್ಲಿ ನೋಡೋಕೆ ಏನಿದೆ?’ ಕೆಲಸವಿದ್ದರೆ ಹೋಗಬಹುದು, ಮದುವೆಗೆ ಹೋಗಬಹುದು, ಸೈಟು ಜಮೀನು ನೋಡಲು ಹೋಗಬಹುದು. ಸುಮ್ಮನೆ ಹೋಗಿ ಬರುವ ಊರುಗಳ ಸಾಲಿನಲ್ಲಿ ಇವಕ್ಕೆ ಜಾಗವಿಲ್ಲ. ಇದೇ ಜನ ವಿಯೆಟ್ನಾಮಿನ ಹೋಯಿ ಆನ್‌ಗೆ ಹೋದರೆ ಎರಡು ದಿನ ಏನೂ ಮಾಡದೆ ಹೊಳೆದಂಡೆಯಲ್ಲಿ ಅಡ್ಡಾಡುತ್ತಾರೆ. ಹಳದಿ ಗೋಡೆಗಳ ನೆರಳಿನಲ್ಲಿ ಕಾಫಿ ಕುಡಿಯುತ್ತಾರೆ, ಥು ಬೋನ್ ನದಿಯ ಮೇಲೆ ತೇಲುವ ಕಾಗದದ ದೀಪಗಳನ್ನು ಕಣ್ತುಂಬ ನೋಡುತ್ತಾರೆ, ಮನಸ್ಸು ಹಗುರಾಯಿತು ಎಂದುಕೊಂಡು ಬರುತ್ತಾರೆ. ಆ ಸಂತೋಷ ನಿಜವಾದದ್ದು. ಹಾಗೆ ಹೋಗಿಬರುವುದರಲ್ಲಿ ತಪ್ಪೂ ಇಲ್ಲ. ಆದರೆ ಅಲ್ಲಿ ಅಷ್ಟು ಹೊತ್ತು ನಿಲ್ಲಲು ಬಂದ ಕಾಲುಗಳು ಉತ್ತರ ಪಿನಾಕಿನಿಯ ಸೇತುವೆಯ ಮೇಲೆ ಒಂದು ನಿಮಿಷವೂ ಏಕೆ ನಿಲ್ಲುವುದಿಲ್ಲ ಎಂಬುದನ್ನು ಕೇಳಿಕೊಳ್ಳಲೇಬೇಕು. ನಂದಿಬೆಟ್ಟದ ಸುತ್ತಲಿನ ಈ ಊರುಗಳೂ ಹೊಳೆ ಕಟ್ಟಿದ ಊರುಗಳೇ. ಹೋಯಿ ಆನ್‌ಗೆ ಕೊಡುವ ನಿಧಾನವನ್ನು ಇವಕ್ಕೂ ಕೊಟ್ಟರೆ ಮಾತ್ರ ಇವು ಕಣ್ಣಿಗೆ ಬೀಳುತ್ತವೆ. ನಾನು ಇಲ್ಲಿ ಹೇಳಹೊರಟಿರುವುದು ಇಷ್ಟೇ.

ಮೊದಲು ಹೋಯಿ ಆನ್ ಕಡೆಗೇ ನೋಡೋಣ. ಹದಿನೈದನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಅದು ದೊಡ್ಡ ಬಂದರು. ಚೀನೀಯರು, ಜಪಾನೀಯರು, ಆಮೇಲೆ ಯುರೋಪಿನವರು ಅಲ್ಲಿಗೆ ಹಡಗು ತಂದರು. ಅವರು ಕೊಂಡೊಯ್ದ ಸರಕಿನಲ್ಲಿ ಕಚ್ಚಾ ರೇಷ್ಮೆ ಮುಖ್ಯವಾದದ್ದು. ನದಿ ಬಯಲಿನ ಹಿಪ್ಪುನೇರಳೆ ತೋಟಗಳೇ ಆ ವ್ಯಾಪಾರದ ಬೇರು. ಜಪಾನೀ ವ್ಯಾಪಾರಿಗಳ ಕಾಲದ ಮುಚ್ಚಿಗೆಯ ಸೇತುವೆ ಇಂದಿಗೂ ನಿಂತಿದೆ. ಆಮೇಲೆ ನದಿಯ ಬಾಯಿಗೆ ಹೂಳು ತುಂಬಿತು, ದೊಡ್ಡ ಹಡಗುಗಳು ಒಳಗೆ ಬರಲಾಗದೆ ವ್ಯಾಪಾರ ಪಕ್ಕದ ಡಾ ನಾಂಗ್‌ಗೆ ಹೋಯಿತು. ಊರು ಬಡವಾಯಿತು. ಬಡವಾದ್ದರಿಂದಲೇ ಹಳೆಯ ಮನೆಗಳನ್ನು ಕೆಡವಿ ಹೊಸದನ್ನು ಕಟ್ಟುವ ಶಕ್ತಿ ಅದಕ್ಕೆ ಬರಲಿಲ್ಲ. 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಹೀಗೆ ಉಳಿದುಕೊಂಡ ಊರನ್ನು. ಇವತ್ತು ನಾವು ಮೆಚ್ಚುವ ಹೋಯಿ ಆನ್, ನದಿ ಕೈಕೊಟ್ಟ ಮೇಲೆ ಉಳಿದ ಊರು. ಹೊಳೆಯೂರು ಎನ್ನಿಸಿಕೊಳ್ಳಲು ಹೊಳೆ ಮೊದಲಿನ ಹಾಗೇ ಹರಿಯುತ್ತಿರಬೇಕು ಎಂಬ ನಿಯಮವನ್ನು ಹೋಯಿ ಆನ್ ತಾನೇ ಪಾಲಿಸುತ್ತಿಲ್ಲ.

ಈಗ ನಂದಿಯ ಸುತ್ತ ಬನ್ನಿ. ದಕ್ಷಿಣ ಭಾರತದಲ್ಲಿ ಇಷ್ಟು ಸಣ್ಣ ಜಾಗದಿಂದ ಇಷ್ಟು ದಿಕ್ಕಿಗೆ ನೀರು ಹೊರಡುವ ಇನ್ನೊಂದು ಬೆಟ್ಟದ ಗುಂಪು ಸುಲಭವಾಗಿ ಸಿಗುವುದಿಲ್ಲ. ಉತ್ತರ ಪಿನಾಕಿನಿ ಇಲ್ಲಿ ಹುಟ್ಟಿ ಗೌರಿಬಿದನೂರನ್ನು ಬಳಸಿಕೊಂಡು ಹಿಂದೂಪುರದ ಕಡೆ ಹೋಗಿ, ಗಂಡಿಕೋಟೆಯ ಕಮರಿಯನ್ನು ಕೊರೆದು, 597 ಕಿಲೋಮೀಟರ್ ನಡೆದು ನೆಲ್ಲೂರಿನ ಆಚೆ ಬಂಗಾಳ ಕೊಲ್ಲಿ ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲೆ ತಮಿಳುನಾಡಿಗೆ ಇಳಿದು ಕಡಲೂರಿನ ಹತ್ತಿರ ಸಮುದ್ರ ಕಾಣುತ್ತದೆ. ಚಿತ್ರಾವತಿ ಬಾಗೇಪಲ್ಲಿ ದಾಟಿ ಪುಟ್ಟಪರ್ತಿಗೆ ಹೋಗುತ್ತದೆ. ಪಾಪಾಗ್ನಿ ಶಿಡ್ಲಘಟ್ಟದ ಕಡೆಯ ಗುಡ್ಡಗಳ ನೀರನ್ನು ಕಡಪ ಸೀಮೆಗೆ ಒಯ್ಯುತ್ತದೆ. ಪಾಲಾರ್‌ನ ಮೊದಲ ಹಳ್ಳಗಳು ಚಿಂತಾಮಣಿ, ಕೋಲಾರದ ಬಯಲಿನಲ್ಲಿವೆ. ಅರ್ಕಾವತಿ ಪಶ್ಚಿಮಕ್ಕೆ ಇಳಿದು ಕಾವೇರಿಯನ್ನು ಸೇರುತ್ತದೆ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ಗುಡಿಯಿದೆ. ಅದಕ್ಕೆ ಸಂಬಂಧಿಸಿದ ಹಳೆಯ ಶಾಸನಗಳು ಒಂಬತ್ತನೆಯ ಶತಮಾನದ ಆರಂಭದವು. ಅಲ್ಲಿನ ಶೃಂಗಿತೀರ್ಥವೇ ದಕ್ಷಿಣ ಪಿನಾಕಿನಿಯ ಮೂಲ ಎಂದು ಜನ ನಂಬಿದ್ದಾರೆ. ಹೋಯಿ ಆನ್‌ಗೆ ಹೋದವರು ಹತ್ತಿರದ ಮಿ ಸನ್‌ನಲ್ಲಿ ಚಂಪಾ ಅರಸರು ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳನ್ನೂ ನೋಡಿ ಬರುತ್ತಾರೆ. ಕಾಡಿನ ನಡುವೆ ನಿಂತ ಆ ಗುಡಿಗಳ ಸಂಸ್ಕೃತ ಶಾಸನಗಳ ಮುಂದೆ ಅವರಿಗೆ ರೋಮಾಂಚನವಾಗುತ್ತದೆ. ಆಗಲೇಬೇಕು. ಆದರೆ ಮಿ ಸನ್ ಪೂಜೆ ನಿಂತುಹೋದ ಜಾಗ. ನಂದಿಯಲ್ಲಿ ಮಾತ್ರ ಆ ಕಾಲದ ಗುಡಿಯ ಬಾಗಿಲು ಪ್ರತಿದಿನ ಬೆಳಿಗ್ಗೆ ತೆರೆಯುತ್ತದೆ, ಕಲ್ಯಾಣಿಯ ಮೆಟ್ಟಿಲ ಮೇಲೆ ಊರಿನವರು ಕೂತಿರುತ್ತಾರೆ. ಸೂರ್ಯೋದಯ ನೋಡಲು ಬೆಳಗಿನ ಜಾವದ ಕತ್ತಲಲ್ಲಿ ಬೆಟ್ಟ ಹತ್ತಿ ಎಂಟು ಗಂಟೆಗೆ ಹೆದ್ದಾರಿ ಹಿಡಿಯುವ ವಾಹನಗಳ ಸಾಲು ಈ ಗುಡಿಯ ಹತ್ತಿರದಲ್ಲೇ ಹಾದುಹೋಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದು. ನದಿಗಳ ಹೆಸರು ಹೇಳಿದ್ದಾಯಿತು, ನೀರೆಲ್ಲಿ? ವರ್ಷದ ಬಹುಪಾಲು ಉತ್ತರ ಪಿನಾಕಿನಿಯ ಪಾತ್ರದಲ್ಲಿ ಕಾಣುವುದು ಜಾಲಿ, ಜೊಂಡು, ಮರಳು ತೆಗೆದ ಗುಂಡಿ. ಬೆಂಗಳೂರಿನ ಕಟ್ಟಡಗಳಿಗಾಗಿ ಈ ಸೀಮೆಯ ಹೊಳೆಗಳ ಮರಳನ್ನು ಬಳಿದು ಸಾಗಿಸಿದರು. ಮರಳು ಮುಗಿದ ಕಡೆ ಹೊಲ, ಕೆರೆಯ ಮಣ್ಣನ್ನೇ ತೊಳೆದು ಫಿಲ್ಟರ್ ಮರಳು ಮಾಡಿದರು. ಮರಳು ಹೋದ ಹೊಳೆ ನೀರನ್ನು ಹಿಡಿದಿಟ್ಟುಕೊಳ್ಳಲಾರದು. ಕೊಳವೆಬಾವಿ ಸಾವಿರ ಅಡಿ ದಾಟಿದೆ; ಅಷ್ಟು ಆಳದಿಂದ ಬರುವ ನೀರಿನಲ್ಲಿ ಫ್ಲೋರೈಡ್ ಇರುತ್ತದೆ. ಇದೆಲ್ಲ ನಿಜ. ಇದನ್ನು ಮರೆಮಾಚಿ ಇಲ್ಲೊಂದು ಸುಂದರ ನದೀತೀರವಿದೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಆದರೆ ಈ ಆಕ್ಷೇಪ ಒಂದು ಸಂಗತಿಯನ್ನು ಬಿಟ್ಟುಬಿಡುತ್ತದೆ. ನಂದಿಯ ಸುತ್ತಲಿನ ನದಿಗಳು ತಮ್ಮ ಹುಟ್ಟಿನ ಹತ್ತಿರ ಎಂದೂ ದಡ ತುಂಬಿ ಹರಿಯುವ ನದಿಗಳಾಗಿರಲಿಲ್ಲ. ಅವು ಮಳೆಗಾಲದ ಹಳ್ಳಗಳು. ಆ ಹಳ್ಳಗಳ ನೀರು ಓಡಿಹೋಗದಂತೆ ಹೆಜ್ಜೆಹೆಜ್ಜೆಗೂ ಏರಿ ಹಾಕಿ ನಿಲ್ಲಿಸಿದ್ದು ಇಲ್ಲಿನ ಜನ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಇಳಿದು ಮುಂದಿನ ಕೆರೆಗೆ, ಅಲ್ಲಿಂದ ಅದರ ಮುಂದಿನದಕ್ಕೆ. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮೊದಲು ಅವಿಭಜಿತ ಕೋಲಾರವನ್ನು ಕೆರೆಗಳ ಜಿಲ್ಲೆ ಎಂದು ಕರೆಯುತ್ತಿದ್ದದ್ದು ಇದೇ ಕಾರಣಕ್ಕೆ. ಇಲ್ಲಿನ ನದಿಯನ್ನು ಹುಡುಕುವವರು ಪಾತ್ರದಲ್ಲಿ ಹುಡುಕಬಾರದು, ಕೆರೆಯ ಏರಿಯ ಮೇಲೆ ಹುಡುಕಬೇಕು. ಚಿಕ್ಕಬಳ್ಳಾಪುರದ ಕಂದವಾರ ಕೆರೆ, ಶಿಡ್ಲಘಟ್ಟದ ಗೌಡನ ಕೆರೆ, ಚಿಂತಾಮಣಿಯ ಕನ್ನಂಪಲ್ಲಿ ಕೆರೆ ಇವೆಲ್ಲ ಆ ಊರುಗಳ ಹೊಳೆದಂಡೆಗಳು. 2021ರ ನವೆಂಬರ್‌ನಲ್ಲಿ ಮಳೆ ಸುರಿದಾಗ ಈ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದವು. ಎಷ್ಟೋ ವರ್ಷ ಬತ್ತಿದ್ದ ಉತ್ತರ ಪಿನಾಕಿನಿ, ಚಿತ್ರಾವತಿ ಹರಿದವು, ತಗ್ಗಿನ ರಸ್ತೆಗಳಿಗೆ ನೀರು ನುಗ್ಗಿತು. ಬೆಳೆ ಕಳೆದುಕೊಂಡವರು ಸಂಕಟಪಟ್ಟರು. ಅದೇ ಹೊತ್ತಿಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಜನ ಕೋಡಿ ನೋಡಲು ಹೋದರು, ಗಂಗಮ್ಮನಿಗೆ ಬಾಗಿನ ಕೊಟ್ಟರು. ಹೋಯಿ ಆನ್‌ನ ಹಳೆಯ ಮನೆಗಳ ಗೋಡೆಯ ಮೇಲೆ ವರ್ಷವರ್ಷದ ಪ್ರವಾಹದ ಎತ್ತರವನ್ನು ಗುರುತು ಹಾಕಿರುತ್ತಾರೆ. ಕೋಡಿ ಬಿದ್ದ ವರ್ಷಗಳನ್ನು ಇಲ್ಲಿನ ಹಿರಿಯರು ಬಾಯಲ್ಲೇ ಹೇಳುತ್ತಾರೆ. ನೀರಿನ ಲೆಕ್ಕ ಇಟ್ಟುಕೊಂಡು ಬದುಕುವ ಊರೇ ಹೊಳೆಯೂರು.

ಶಿಡ್ಲಘಟ್ಟದ ವಿಷಯದಲ್ಲಿ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. ಹೋಯಿ ಆನ್ ರೇಷ್ಮೆಯಿಂದ ಬೆಳೆದ ಊರು ಎಂದೆ. ಅಲ್ಲಿ ಇವತ್ತು ಪ್ರವಾಸಿಗೆ ಕಾಣುವ ರೇಷ್ಮೆ ಬಹುಪಾಲು ದರ್ಜಿ ಅಂಗಡಿಯದು, ತೋರಿಸಲೆಂದೇ ಇಟ್ಟ ಮಗ್ಗದ್ದು. ಶಿಡ್ಲಘಟ್ಟದಲ್ಲಿ ಕಾಣುವುದು ನಡೆಯುತ್ತಿರುವ ಕಸುಬು. ರಾಮನಗರವನ್ನು ಬಿಟ್ಟರೆ ರಾಜ್ಯದಲ್ಲಿ ಗೂಡಿನ ದೊಡ್ಡ ಮಾರುಕಟ್ಟೆ ಇಲ್ಲಿಯದೇ. ಬೆಳಿಗ್ಗೆ ಬೈಕು, ಆಟೋ, ಬಸ್ಸುಗಳಲ್ಲಿ ಮೂಟೆ ಹೊತ್ತ ರೈತರು ಬರುತ್ತಾರೆ. ಹಳದಿ ಬಣ್ಣದ ಮಿಶ್ರತಳಿ, ಬಿಳಿಯ ದ್ವಿತಳಿ ಗೂಡುಗಳನ್ನು ಲಾಟುಲಾಟಾಗಿ ಸುರಿಯುತ್ತಾರೆ. ನೂಲು ಬಿಚ್ಚಿಸುವ ರೀಲರುಗಳು ಸುತ್ತ ಅಡ್ಡಾಡುತ್ತ ಒಂದೊಂದು ಹಿಡಿ ಎತ್ತಿ, ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಕೂಗಿ ನಡೆಸುತ್ತಿದ್ದ ಬಹಿರಂಗ ಹರಾಜಿನ ಜಾಗಕ್ಕೆ ಈಗ ಇ-ಹರಾಜು ಬಂದಿದೆ, ಬೆಲೆ ಮೊಬೈಲಿನಲ್ಲಿ ಏರುತ್ತದೆ. ಆದರೂ ಕೈ ಗೂಡನ್ನು ಮುಟ್ಟದೆ ಯಾರೂ ಬೆಲೆ ಕಟ್ಟುವುದಿಲ್ಲ. ಆ ಗೂಡಿನ ಹಿಂದಿನ ತಿಂಗಳನ್ನು ನೆನೆಸಿಕೊಳ್ಳಿ. ಮೊಟ್ಟೆಯೊಡೆದ ಹುಳು ಸೊಪ್ಪು ತಿಂದು ನಾಲ್ಕು ಬಾರಿ ಜ್ವರಕ್ಕೆ ಹೋಗಿ, ನಾಲ್ಕು ಬಾರಿ ಪೊರೆ ಬಿಟ್ಟು ಏಳುತ್ತದೆ. ಜ್ವರಕ್ಕೆ ಹೋದಾಗ ಸೊಪ್ಪು ಹಾಕುವಂತಿಲ್ಲ, ಎದ್ದಾಗ ತಡಮಾಡುವಂತಿಲ್ಲ. ಹಣ್ಣಾದ ಹುಳುವನ್ನು ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ಹೊತ್ತಿಗೆ ಮನೆಯವರಿಗೆ ನಿದ್ದೆಯಿರುವುದಿಲ್ಲ. ಗೂಡು ಕಟ್ಟಿದ ಮೇಲೂ ಗಡುವಿದೆ: ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಬಂದರೆ ಎಳೆ ತುಂಡಾಗುತ್ತದೆ, ನೂಲು ಬಿಚ್ಚಲು ಬಾರದು. ಮಾರುಕಟ್ಟೆಯಿಂದ ಗೂಡು ಓಣಿಗಳ ರೀಲಿಂಗ್ ಘಟಕಗಳಿಗೆ ಹೋಗುತ್ತದೆ. ಅಲ್ಲಿ ಕುದಿನೀರಿನಲ್ಲಿ ಬೆಂದ ಗೂಡಿನ ಎಳೆಯನ್ನು ಹಿಡಿದು ಸುತ್ತುವವರಲ್ಲಿ ಹೆಂಗಸರು ಬಹಳ. ದಿನವಿಡೀ ಬಿಸಿನೀರಿನಲ್ಲಿ ಅದ್ದಿದ ಅವರ ಬೆರಳುಗಳ ತುದಿ ಬೆಳ್ಳಗೆ ಬಿರಿದಿರುತ್ತದೆ. ಓಣಿಯ ತುಂಬ ಹುಳು ಬೆಂದ ವಾಸನೆ. ಹೊಸಬರಿಗೆ ಮೊದಲು ಹೊಟ್ಟೆ ತೊಳಸುತ್ತದೆ, ಸ್ವಲ್ಪ ಹೊತ್ತು ನಿಂತರೆ ಸಹಿಸಬಹುದು. ಈ ಎಲ್ಲ ಕೆಲಸಕ್ಕೂ ನೀರು ಬೇಕು: ಹಿಪ್ಪುನೇರಳೆ ತೋಟಕ್ಕೆ, ಹುಳುಮನೆಯನ್ನು ತಂಪಾಗಿಡಲು, ಗೂಡು ಬೇಯಿಸಲು. ಪಾಪಾಗ್ನಿ ಕಣ್ಣಿಗೆ ಕಾಣದಿರಬಹುದು, ಶಿಡ್ಲಘಟ್ಟದಿಂದ ಕಂಚಿ, ಧರ್ಮಾವರಂ, ವಾರಾಣಸಿಯ ಕಡೆಗೆ ಹೊರಡುವ ನೂಲಿನಲ್ಲಿ ಅದರ ಬಯಲಿನ ನೀರಿದೆ. ಕಾರಿನ ಕಿಟಕಿಯಿಂದ ಇದು ಯಾವುದೂ ತಿಳಿಯದು. ಮಾರುಕಟ್ಟೆಯಲ್ಲಿ ಒಂದು ಬೆಳಿಗ್ಗೆ ಪೂರ್ತಿ ನಿಂತವರಿಗೆ ಮಾತ್ರ ತಿಳಿಯುತ್ತದೆ.

ಗೌರಿಬಿದನೂರಿನ ಹತ್ತಿರ ಉತ್ತರ ಪಿನಾಕಿನಿಯ ದಂಡೆಯಲ್ಲಿ ವಿದುರಾಶ್ವತ್ಥವಿದೆ. ವಿದುರ ನೆಟ್ಟದ್ದೆಂದು ಜನ ನಂಬಿದ ಅರಳಿಮರ 2001ರಲ್ಲಿ ಉರುಳಿತು. ಅದರ ಸುತ್ತ ಮಕ್ಕಳ ಹರಕೆ ಹೊತ್ತವರು ತಲೆತಲಾಂತರದಿಂದ ಪ್ರತಿಷ್ಠೆ ಮಾಡಿದ ನಾಗರಕಲ್ಲುಗಳು ಸಾಲುಸಾಲಾಗಿ ಇವೆ. 1938ರ ಏಪ್ರಿಲ್ 25ರಂದು ಇದೇ ಜಾಗದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕಿಂತ ಹೆಚ್ಚು ಎಂದು ಜನರ ಲೆಕ್ಕ, ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಸುದ್ದಿ ದೇಶವನ್ನು ಮುಟ್ಟಿತು, ಮುಂದಿನ ತಿಂಗಳಲ್ಲೇ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ದಾರಿಯಾಯಿತು. ಹರಕೆಯ ಕಲ್ಲು, ಹುತಾತ್ಮರ ಸ್ಮಾರಕ ಎರಡೂ ಒಂದೇ ಹೊಳೆದಂಡೆಯಲ್ಲಿ ಇರುವುದು ಆಕಸ್ಮಿಕವಲ್ಲ. ಜನ ಸೇರುವ ಜಾಗವಾಗಿದ್ದರಿಂದಲೇ ಸತ್ಯಾಗ್ರಹವೂ ಅಲ್ಲಿ ನಡೆಯಿತು. ಗೌರಿಬಿದನೂರಿನ ಬಗ್ಗೆ ಇನ್ನೊಂದು ಮಾತು ಸೇರಿಸಬೇಕು. 1965ರಲ್ಲಿ ಭೂಕಂಪನವನ್ನೂ ದೂರದ ಅಣುಸ್ಫೋಟಗಳನ್ನೂ ಅಳೆಯುವ ಉಪಕರಣಗಳ ಸಾಲನ್ನು ಈ ಸೀಮೆಯಲ್ಲಿ ಹೂತರು. ಎಪ್ಪತ್ತರ ದಶಕದಲ್ಲಿ ಆಕಾಶದಿಂದ ಬರುವ ದೀರ್ಘ ರೇಡಿಯೊ ಅಲೆಗಳನ್ನು ಹಿಡಿಯುವ ದೂರದರ್ಶಕವನ್ನು ಇಲ್ಲಿ ಕಟ್ಟಿದರು. ಇಂಥ ಉಪಕರಣಗಳಿಗೆ ಅಲುಗದ ನೆಲ ಬೇಕು, ಗದ್ದಲವಿಲ್ಲದ ಬಯಲು ಬೇಕು. ನಗರಕ್ಕೆ ಇಷ್ಟು ಹತ್ತಿರದ ಊರೊಂದರ ಮೌನವನ್ನು ವಿಜ್ಞಾನಿಗಳು ಅರ್ಧ ಶತಮಾನದ ಹಿಂದೆಯೇ ಗುರುತಿಸಿದ್ದರು.

ಚೆಂದದ ಮಾತನ್ನು ಎತ್ತುವವರೂ ಇದ್ದಾರೆ. ಹೋಯಿ ಆನ್‌ನ ಬೀದಿ ಗುಡಿಸಿದಂತಿರುತ್ತದೆ, ಹಳೆಯ ಪೇಟೆಯಲ್ಲಿ ದಿನದ ಬಹುಪಾಲು ವಾಹನಗಳಿಗೆ ಪ್ರವೇಶವಿಲ್ಲ, ಹುಣ್ಣಿಮೆಯ ಹಬ್ಬದ ರಾತ್ರಿ ವಿದ್ಯುತ್ ದೀಪ ಆರಿಸಿ ಕಾಗದದ ದೀಪ ಹಚ್ಚುತ್ತಾರೆ. ಚಿಂತಾಮಣಿಯ ಬೀದಿಯಲ್ಲಿ ಟೊಮೆಟೊ ಕ್ರೇಟು ಹೊತ್ತ ಲಾರಿಗಳ ನಡುವೆ ಕಾಲಿಡಲೂ ಜಾಗವಿಲ್ಲ ಎನ್ನುತ್ತಾರೆ. ಒಪ್ಪುವ ಮಾತೇ. ಊರನ್ನು ನಡೆಯುವವರಿಗೆ ಬಿಟ್ಟುಕೊಡುವ ಕಟ್ಟುಪಾಡನ್ನು ನಾವು ಅಲ್ಲಿಂದ ಕಲಿಯಬೇಕು. ಆದರೆ ಆ ಚೆಂದಕ್ಕೆ ಹೋಯಿ ಆನ್ ಕೊಡುತ್ತಿರುವ ಬೆಲೆಯೂ ಸಣ್ಣದಲ್ಲ. ಹಳೆಯ ಮನೆಗಳು ಅಂಗಡಿ, ಹೋಟೆಲುಗಳಾಗಿವೆ, ಸಂಜೆಯ ದಂಡೆಯಲ್ಲಿ ಊರಿನವರಿಗಿಂತ ಪ್ರವಾಸಿಗರು ಹೆಚ್ಚು. ಚಿಂತಾಮಣಿಯ ಲಾರಿಗಳು ಯಾರಿಗೂ ತೋರಿಸಲು ನಿಂತಿಲ್ಲ. ಅದೇ ತಾಲ್ಲೂಕಿನ ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಹರಕೆ ಹೊತ್ತು ಬರುವ ಹಿಂದೂ ಮುಸ್ಲಿಂ ಕುಟುಂಬಗಳು, ಕೈವಾರದಲ್ಲಿ ಸಂತಕವಿ ತಾತಯ್ಯನವರ ತೆಲುಗು ಕನ್ನಡ ಪದಗಳನ್ನು ಹಾಡುವವರು ಯಾವ ಪ್ರವಾಸೋದ್ಯಮದ ಕರೆಗೂ ಬಂದವರಲ್ಲ. ಇಲ್ಲಿನ ಬದುಕು ತನ್ನಷ್ಟಕ್ಕೆ ತಾನು ನಡೆಯುತ್ತಿದೆ; ಇಂಥದ್ದನ್ನು ನೋಡುವ ಅವಕಾಶ ಹೋಯಿ ಆನ್‌ನಲ್ಲಿ ಕಡಿಮೆಯಾಗುತ್ತಿದೆ. ಇನ್ನು ಜನ ಬರತೊಡಗಿದರೆ ಈ ಊರುಗಳೂ ನಂದಿಬೆಟ್ಟದ ವಾರಾಂತ್ಯದ ಹಾಗೆ ಆಗುವುದಿಲ್ಲವೇ ಎಂಬ ಭಯ. ಇದು ತೂಕವಿರುವ ಆಕ್ಷೇಪ. ಬೆಟ್ಟದ ರಸ್ತೆಯನ್ನು ಹಾಳುಮಾಡಿದ್ದು ಜನರ ಸಂಖ್ಯೆಯೊಂದೇ ಅಲ್ಲ. ಎಲ್ಲರೂ ಒಂದೇ ಬೆಳಿಗ್ಗೆ, ಒಂದೇ ಹೊತ್ತಿಗೆ, ಒಂದೇ ದೃಶ್ಯಕ್ಕೆ, ತಮ್ಮ ತಮ್ಮ ವಾಹನದಲ್ಲಿ ಬಂದು ಹೊರಟುಹೋಗುವ ಅವಸರ. ನಿಧಾನವಾಗಿ ಬರುವವರು ಗುಂಪಾಗಿ ಬರುವುದಿಲ್ಲ. ಅವರಿಗೆ ನೋಡಲೇಬೇಕಾದ ಒಂದೇ ಬಿಂದುವೂ ಇರುವುದಿಲ್ಲ.

ಬಡ ಊರಿನ ಒಣ ಕೆರೆಯನ್ನು ನೋಡಲು ಹೋಗುವುದು ನಗರದವರ ವಿಲಾಸವಲ್ಲವೇ ಎಂದು ಕೇಳುವವರಿಗೆ ಉತ್ತರ ನೀರಿನ ಇತಿಹಾಸದಲ್ಲೇ ಇದೆ. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳವೆಯಲ್ಲಿ ಮೊದಲು ನೀರು ಬಂದದ್ದು ಹೆಸರಘಟ್ಟದಿಂದ, ಎಂದರೆ ನಂದಿಯಲ್ಲಿ ಹುಟ್ಟಿದ ಅರ್ಕಾವತಿಯಿಂದ. ಇವತ್ತು ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧಮಾಡಿ ದಿನಕ್ಕೆ 210 ದಶಲಕ್ಷ ಲೀಟರಿನ ಗುರಿಯಲ್ಲಿ 65 ಕೆರೆಗಳಿಗೆ ಹರಿಸುತ್ತಿದ್ದಾರೆ. ಅವುಗಳಲ್ಲಿ ಬಹುಪಾಲು ಚಿಕ್ಕಬಳ್ಳಾಪುರ ಜಿಲ್ಲೆಯವು. ಕಂದವಾರ ಕೆರೆಯೂ ಅದರಲ್ಲೊಂದು. ಒಣಗಿದ್ದ ಕೊಳವೆಬಾವಿಗಳಲ್ಲಿ ನೀರು ಏರಿತು ಎಂದು ಸಂತೋಷಪಡುವ ರೈತರಿದ್ದಾರೆ. ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರನ್ನು ಅಂತರ್ಜಲಕ್ಕೆ ಸೇರಿಸಬೇಡಿ ಎಂದು ವರ್ಷಗಳಿಂದ ಹೋರಾಡುತ್ತಿರುವವರೂ ಇದೇ ಊರುಗಳಲ್ಲಿದ್ದಾರೆ. ನನ್ನ ತೀರ್ಪು ಹೋರಾಟಗಾರರ ಕಡೆಗೆ: ನಗರ ತಾನು ಕುಡಿಯಲು ಒಪ್ಪದ ನೀರನ್ನು ಇನ್ನೊಬ್ಬರ ಬಾವಿಗೆ ಇಳಿಸುವ ಮೊದಲು ಪೂರ್ತಿ ಶುದ್ಧಮಾಡುವ ಖರ್ಚು ಹೊರಬೇಕು. ಆದರೆ ಈ ವಾದ ಬೆಂಗಳೂರಿನಲ್ಲಿ ಯಾರ ಕಿವಿಗೂ ಬೀಳುವುದಿಲ್ಲ, ಏಕೆಂದರೆ ಆ ಕೆರೆಗಳನ್ನು ಕಂಡವರೇ ಅಲ್ಲಿ ಕಡಿಮೆ. ಬೆಂಗಳೂರಿನವರು ಸ್ನಾನ ಮಾಡಿ ಬಿಟ್ಟ ನೀರು ಕಂದವಾರದ ಏರಿಯ ಕೆಳಗೆ ನಿಂತಿದೆ. ‘ಅಲ್ಲಿ ನೋಡೋಕೆ ಏನಿದೆ’ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿದಿಲ್ಲ.

ಹೋಗುವುದು ಕಷ್ಟವೇನಲ್ಲ. ಯಲಹಂಕದಲ್ಲಿ ರೈಲುದಾರಿ ಕವಲೊಡೆಯುತ್ತದೆ. ಒಂದು ದೊಡ್ಡಬಳ್ಳಾಪುರದ ಮೇಲೆ ಗೌರಿಬಿದನೂರಿಗೆ ಹೋಗುತ್ತದೆ. ಇನ್ನೊಂದು ದೇವನಹಳ್ಳಿ, ನಂದಿ ಹಾಲ್ಟ್ ದಾಟಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಮೇಲೆ ಕೋಲಾರಕ್ಕೆ. ಈ ಎರಡನೆಯ ದಾರಿಯಲ್ಲಿ ಒಂದು ಶತಮಾನದ ಹಿಂದೆ ಪುಟ್ಟ ನ್ಯಾರೋಗೇಜ್ ಗಾಡಿ ಓಡುತ್ತಿತ್ತು. ಆ ಕಾಲದ ಹೆಂಚಿನ ನಿಲ್ದಾಣಗಳಲ್ಲಿ ಕೆಲವು ಇನ್ನೂ ನಿಂತಿವೆ, ನಂದಿ ಹಾಲ್ಟ್ ಅವುಗಳಲ್ಲಿ ಒಂದು. ಶನಿವಾರ ಭಾನುವಾರ ಬೇಡ, ಕಾರೂ ಬೇಡ. ಹಿಂಗಾರು ಮಳೆ ನಿಂತು ಅವರೆಕಾಯಿ ಸಂತೆಗೆ ಬರುವ ಕಾಲದಲ್ಲಿ, ವಾರದ ನಡುವಿನ ಒಂದು ದಿನ ರೈಲು ಹತ್ತಿ. ಇಳಿದ ಊರಿನಲ್ಲಿ ಯಾರನ್ನಾದರೂ ಮೊದಲು ಕೆರೆಯ ಏರಿಗೆ ದಾರಿ ಕೇಳಿ. ಏರಿಯ ಮೇಲೆ ತೂಬಿನಿಂದ ಕೋಡಿಯವರೆಗೆ ನಡೆದು ನೋಡಿ.